ಹೊಳೆ ದಂಡೆಗೆ ಹೋದ ನಮ್ಮ ಸ್ಟುಡಿಯೋ

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟವರಿಗೆ ಚಂದದ ಫೋಟೋ ಸಿಗುತ್ತದೋ ಇಲ್ಲವೋ, ನಗೆಪಾಟಲಂತೂ ತಪ್ಪುವುದಿಲ್ಲ. ನನಗೆ ಇದು ಶುರುವಾದದ್ದು ಗಂಡ ತೀರಿಕೊಂಡ ಮೇಲೆ.

ರಾಯಚೂರಿನಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಗಿರಾಕಿ ಇಲ್ಲದ ದಿನ ನಮ್ಮವರು ದೇವದುರ್ಗದ ಬಸ್ಸು ಹತ್ತಿ ಕೃಷ್ಣಾ ಹೊಳೆಗೆ ಹೋಗಿಬಿಡುತ್ತಿದ್ದರು. ತೆಪ್ಪ, ಬಲೆ, ನೀರಿಗಿಳಿದ ಎಮ್ಮೆ, ಇವುಗಳದೇ ಫೋಟೋ. "ಅದರಾಗೇನದ ತೆಗಿಯೋದು?" ಅಂದರೆ, "ತೆಪ್ಪ ಮಾತಾಡಂಗಿಲ್ಲ, ನೋಡು. ಅಷ್ಟು ಸಾಕು ನನಗ" ಅನ್ನುತ್ತಿದ್ದರು. ಹೋದ ವರ್ಷ ಎದೆನೋವು ಬಂತು, ಹೋಗಿಬಿಟ್ಟರು. ತಿಂಗಳುಗಟ್ಟಲೆ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ. ಒಂದು ದಿನ ಮನೆಯಲ್ಲಿ ಕೂರಲಾಗದೆ ಅವರ ಕ್ಯಾಮೆರಾ ಎತ್ತಿಕೊಂಡು ಅದೇ ಬಸ್ಸು ಹತ್ತಿದೆ.

ಗದ್ದ

ಸ್ಟುಡಿಯೋದಲ್ಲಿ ಬಟನ್ ಒತ್ತುವುದು ಅವರ ಕೆಲಸವಾಗಿತ್ತು. ನನ್ನದು ಗಿರಾಕಿಗಳನ್ನು ಕೂರಿಸುವ ಕೆಲಸ. ಕೂದಲು ಸರಿಮಾಡಿ, ಗದ್ದ ಎತ್ತಿಸಿ, ನಗಿಸಿ ಕೊಡಬೇಕು.

ದಂಡೆಯಲ್ಲಿ ಡಾಂಬರು ಬಳಿದ ತೆಪ್ಪವೊಂದನ್ನು ಬೋರಲು ಹಾಕಿ ಒಣಗಿಸಿದ್ದರು. ನೀರಿನ ಸಪ್ಪಳ ಕೂಡ ಇರಲಿಲ್ಲ. ಅವರಿಗೆ ಯಾಕೆ ಈ ಜಾಗ ಹಿಡಿಸಿತ್ತು ಅಂತ ಮೊದಲ ಸಲ ತಿಳಿಯಿತು. ಕ್ಯಾಮೆರಾಕ್ಕೆ ಕಣ್ಣಿಟ್ಟೆ. ರೂಢಿಯ ಬಾಯಿ ನೋಡಿ, ತಾನಾಗಿ ನುಡಿಯಿತು: "ಗದ್ದ ಸ್ವಲ್ಪ ಮ್ಯಾಲ ಎತ್ರಿ... ಎದುರಿಗೆ ನೋಡ್ರಿ..."

ಹಿಂದೆ ಬಲೆ ಹೊಲಿಯುತ್ತಿದ್ದ ಅಂಬಿಗ ಎದ್ದು ಬಂದ.

"ಅಕ್ಕಾರ, ಅದು ಬೋರಲ ಮಲಗೇದ್ರಿ. ಎಬ್ಬಸ್ಲೇನು?"

ಹಿಂದಿನಿಂದ

ನಾನು ಯಾರೆಂದು ಹೇಳಿ, ಅವರು ಹೋದ ಸುದ್ದಿಯನ್ನೂ ತಿಳಿಸಿದೆ. ಅವನು ಬಲೆ ಕೆಳಗಿಟ್ಟು ಕುಂತುಬಿಟ್ಟ. "ಅಣ್ಣಾರು ಬರ್ಲಿಲ್ಲಂದ್ರ ನನ್ನ ಮ್ಯಾಲ ಸಿಟ್ಟಾಗ್ಯಾರ ಅನಕೊಂಡಿದ್ದೆ ರೀ" ಅಂದ.

ಊರಿನವರ ಫೋಟೋ ಎಲ್ಲಾ ತೆಗೆದ ಮನುಷ್ಯನದು ಒಂದು ಒಳ್ಳೆ ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದದ್ದನ್ನೇ ಗೋಡೆಗೆ ಹಾಕಿದ್ದೆವು. ಹೆಗಲ ಮೇಲೆ ಬೇರೆಯವರ ಕೈ ಹಾಗೇ ಉಳಿದಿತ್ತು. ಸಮಾಧಾನ ಹೇಳಲು ಬಂದವರೆಲ್ಲ ಕಣ್ಣೊರೆಸಿಕೊಂಡು, "ಕೈ ಯಾರದವ್ವಾ?" ಅಂತ ಕೇಳುವವರೇ.

ಇದನ್ನು ಹೇಳಿದಾಗ ಅಂಬಿಗ, "ನನ್ನ ಫೋನಿನಾಗ ಒಂದು ಅದ ನೋಡ್ರಿ" ಅಂದ. ಕಸಿದುಕೊಂಡೇ ನೋಡಿದೆ. ಮೊಣಕಾಲುದ್ದ ನೀರು, ಮೇಲಕ್ಕೆ ಮಡಚಿದ ಪ್ಯಾಂಟು, ಹೊಳೆಯ ಕಡೆ ಬಗ್ಗಿ ನಿಂತಿದ್ದಾರೆ. ನನಗೆ ಕಂಡದ್ದು ಬರೀ ಹಿಂಭಾಗ.

"ಮಾರಿ ಎಲ್ಲಪಾ?"

"ಮುಂದಿಂದ ತೆಗಿಯಾಕ ಹೋಗಿದ್ದೆ ರೀ. ಅಲ್ಲಿ ಆಳ ಭಾಳ ಅದ."

"ಅಂಬಿಗ ಆಗಿ ಆಳಕ್ಕ ಅಂಜತೀ?"

"ನನಗ ಈಜು ಬರ್ತದ ಅಕ್ಕಾರ, ಫೋನಿಗೆ ಬರಂಗಿಲ್ಲ."

ಬಿಳಿ ದುಪ್ಪಟಿ

ಆಮೇಲೆ ನಾನು ಆಗಾಗ ಹೋಗತೊಡಗಿದೆ. ಅಂಬಿಗನ ತಾಯಿ ನನಗಾಗಿ ರೊಟ್ಟಿ ಎತ್ತಿಡುತ್ತಿದ್ದಳು. ಒಂದು ದಿನ ಮುದುಕಿ ಹೊಸ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದು ದಂಡೆಯ ಕಲ್ಲಿನ ಮೇಲೆ ಕುಂತಳು.

"ತಂಗಿ, ಸತ್ತ ಮ್ಯಾಲ ಗ್ವಾಡಿಗೆ ಹಾಕೋ ಫೋಟೋ ಒಂದು ತೆಗಿಬೇ. ನಗಸಬ್ಯಾಡ, ಹಲ್ಲಿಲ್ಲ ನನಗ."

ಹಿಂದೆ ಹೊಲಸು ಕಾಣಬಾರದೆಂದು ಮಗನ ಕೈಗೆ ಬಿಳಿ ದುಪ್ಪಟಿ ಕೊಟ್ಟು ಹಿಡಿದು ನಿಲ್ಲಿಸಿದೆ. ಮುದುಕಿ ಬಾಯಿ ಬಿಗಿಹಿಡಿದಳು. ಅಷ್ಟರಲ್ಲಿ ಹೊಳೆ ಕಡೆಯಿಂದ ಗಾಳಿ ಬೀಸಿ ದುಪ್ಪಟಿ ಮಗನ ತಲೆಗೂ ಮೈಗೂ ಸುತ್ತಿಕೊಂಡಿತು. ಅವನು ಒಳಗಿಂದಲೇ "ಯವ್ವಾ, ಕಾಣವಲ್ದು!" ಅಂತ ಕೂಗುತ್ತಾ ಹೋಗಿ ಎಮ್ಮೆಗೆ ಢಿಕ್ಕಿ ಹೊಡೆದ. ತಿರುಗಿ ನೋಡಿದ ಮುದುಕಿ ನನ್ನ ಕಡೆ ಹೊರಳಿ ಬಾಯಿ ತುಂಬ ನಕ್ಕಳು. ನನ್ನ ಬೆರಳು ಅದೇ ಹೊತ್ತಿಗೆ ಒತ್ತಿತು. ಮತ್ತೆಷ್ಟು ತೆಗೆದರೂ ನಗು ನಿಲ್ಲಲೇ ಇಲ್ಲ. "ಮುಂದಿನ ಸಲ ಬಂದಾಗ ಸರಿಯಾಗಿ ತೆಗಿತೀನಿ ಯವ್ವಾ" ಅಂದೆ.

ಆ ಮುಂದಿನ ಸಲ ಬರಲೇ ಇಲ್ಲ. ಜ್ವರ ಹಿಡಿದು ಮುದುಕಿ ಹೋಗಿಬಿಟ್ಟಳು. ಅಂಬಿಗ ಫೋನ್ ಮಾಡಿ ಬಹಳ ಹೊತ್ತು ಅತ್ತ. "ಅವ್ವನ ಫೋಟೋ ಅಂತ ಇರೋದು ಅದೊಂದ ರೀ ಅಕ್ಕಾರ, ಅದನ್ನ ತರ್ರಿ" ಅಂದ. ಸ್ಟುಡಿಯೋ ಬಾಗಿಲು ತೆಗೆದೆ. ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಮಾಲೆ ಹಾಕಿ, ದೀಪ ಹಚ್ಚಿ, ಹೆಂಗಸರೆಲ್ಲ ಸುತ್ತ ಕುಂತಿದ್ದರು.

ಮಾನ್ವಿ ಕಡೆಯಿಂದ ಮುದುಕಿಯ ತಂಗಿ ಬಂದಳು. "ಯಕ್ಕಾ, ನಮ್ಮನ್ನ ಬಿಟ್ಟು ಎಲ್ಲಿ ಹೋದಿಬೇ!" ಅಂತ ಬಾಗಿಲಿಂದಲೇ ಎದೆ ಬಡಿದುಕೊಳ್ಳುತ್ತಾ ಒಳಗೆ ಬಂದವಳು ಫೋಟೋ ನೋಡಿ ಗಪ್ಪನೆ ನಿಂತಳು. ಈಗ ನನಗೆ ಬೈಗುಳ ಖಂಡಿತ ಅಂದುಕೊಂಡೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನೋಡ್ರೆವ್ವಾ ಇಕಿನ್ನ! ನಾ ಹಾದಿ ತುಂಬ ಅಳಕೋಂತ ಬಂದೀನಿ, ಇಕಿ ನಗಾಕತ್ತಾಳ. ಮೊದಲು ಇಕಿ ನಗೋದು ನಿಲ್ಲಸ್ಲಿ, ಆಮ್ಯಾಲ ನಾ ಅಳ್ತೀನಿ."

ಅಂದವಳೇ ಅಕ್ಕನ ಫೋಟೋದ ಮುಂದೆ ಚಕ್ಕಳಮಕ್ಕಳ ಹಾಕಿ ಕುಂತು, ಕಾಯತೊಡಗಿದಳು.