ಪಾಂಡವರನ್ನು ಒಕ್ಕಲೆಬ್ಬಿಸಿದ್ದು

ನಾನು ಹೆಚ್ಚು ಮಾತಾಡುವವಳಲ್ಲ. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನೂ ಸುಮ್ಮನೆ ಉಂಡು ಏಳುತ್ತೇನೆ. ಆದರೆ ಯಾರಾದರೂ ಚರಿತ್ರೆಯನ್ನು ತಪ್ಪಾಗಿ ಹೇಳಿದರೆ ಮಾತ್ರ ತಡೆಯಲಾಗುವುದಿಲ್ಲ. ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ಅಂಟಿದ ಚಟ ಇದು. ತಿಳಿದದ್ದನ್ನು ಹೇಳುವುದು ಹೇಗೆಂದು ಎರಡು ವರ್ಷ ಕಲಿಸಿದರು. ಹೇಳದಿರುವುದು ಹೇಗೆಂದು ಒಂದು ತರಗತಿಯನ್ನೂ ತೆಗೆದುಕೊಳ್ಳಲಿಲ್ಲ.

ಹೊಂಗನೂರಿನಲ್ಲಿ ನಮ್ಮ ದೊಡ್ಡಪ್ಪನ ಹಿಪ್ಪುನೇರಳೆ ತೋಟವಿದೆ. ಅದರ ಮೂಲೆಯಲ್ಲೊಂದು ಕಲ್ಲಿನ ಕೋಣೆ. ನಾಲ್ಕು ಬದಿಗೂ ಎದೆಯೆತ್ತರದ ಚಪ್ಪಡಿ, ಮೇಲೊಂದು ಚಪ್ಪಡಿ, ಪೂರ್ವದ ಗೋಡೆಯಲ್ಲಿ ತೆವಳಿ ಒಳಹೋಗುವಷ್ಟು ದುಂಡು ಕಂಡಿ, ಅದರ ಮುಂದೆ ಎರಡು ಕಲ್ಲುಗಳ ನಡುವೆ ಪುಟ್ಟ ಓಣಿ. ಊರವರ ಪ್ರಕಾರ ಅದು ಪಾಂಡವರ ಮನೆ. ವನವಾಸದಲ್ಲಿ ಐವರೂ ಅಲ್ಲಿದ್ದರಂತೆ. ನಾನು ಟೇಪು ಹಿಡಿದು ಅಳೆದಿದ್ದೇನೆ. ಭೀಮನೊಬ್ಬ ಕಾಲು ಚಾಚಿದರೆ ಉಳಿದ ನಾಲ್ವರು ಹೊರಗೆ. ಆದರೂ ಆ ನಂಬಿಕೆಯಿಂದ ಒಂದು ಉಪಕಾರವಾಗಿತ್ತು. ಸುತ್ತಲಿನ ಬಂಡೆಗಳೆಲ್ಲ ಸೈಜುಗಲ್ಲಾಗಿ ಮನೆಗಳ ಪಾಯ ಸೇರಿದರೂ ಇದನ್ನು ಯಾರೂ ಮುಟ್ಟಿರಲಿಲ್ಲ. ಮಳೆ ಬಂದರೆ ಕುರಿ ಕಾಯುವವರು ಒಳಗೆ ಕೂರುತ್ತಿದ್ದರು. ದೊಡ್ಡಮ್ಮನ ಕೋಳಿಯೂ ಅಲ್ಲೇ ಕಾವಿಗೆ ಕೂರುತ್ತಿತ್ತು.

ಕಳೆದ ವರ್ಷ ಹೋದಾಗ ದೊಡ್ಡಪ್ಪ ಅದರ ಮುಂದೆ ನಿಂತು ನೆಂಟರೊಬ್ಬರಿಗೆ ಪಾಂಡವರ ಕಥೆ ಹೇಳುತ್ತಿದ್ದರು. ನಾನು ತಿದ್ದಿದೆ.

"ಅದು ಮನೆ ಅಲ್ಲ ದೊಡ್ಡಪ್ಪ, ಸಮಾಧಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿದ್ದವರು ಸತ್ತವರ ಮೂಳೆಗಳನ್ನ ಮಡಕೆಗಳ ಜೊತೆ ಈ ಕಂಡಿಯಿಂದ ಒಳಗಿಡ್ತಿದ್ರು. ಮನೇಲಿ ಇನ್ನೊಬ್ಬರು ಸತ್ತರೆ ಮತ್ತೆ ಅದೇ ಕಂಡಿ."

ದೊಡ್ಡಪ್ಪನ ಮುಂದೆ ನಾನು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಒಂದಿಷ್ಟು ಹೆಮ್ಮೆಯೂ ಆಯಿತು.

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ರೇಷ್ಮೆಯವರ ಮಡಿ ನನಗೆ ನೆನಪಿರಬೇಕಿತ್ತು. ಸಾವಿನ ಮನೆಗೆ ಹೋಗಿ ಬಂದವರು, ಸ್ವಂತ ಮಗನೇ ಆದರೂ, ತಲೆಗೆ ನೀರು ಹಾಕಿಕೊಳ್ಳದೆ ಹುಳದ ಮನೆಯ ಹೊಸ್ತಿಲು ದಾಟುವಂತಿಲ್ಲ.

"ಹಂಗಾರೆ ಹೆಣ ಮಡುಗಿದ್ ಜಾಗದ್ ಸೊಪ್ನೇ ಹುಳಕ್ಕೆ ಹಾಕ್ತಾವ್ನಿ ಅನ್ನು! ಹೋದ್ ಬೆಳೇಲಿ ಎಲ್ಲಾ ಸುಣ್ಣಕಟ್ಟು ಬಂದು ಸತ್ವಲ್ಲ, ಯಾಕೇಂತ ಈಗ ಗೊತ್ತಾಯ್ತು ಬುಡು."

"ಅದು ಬೂಷ್ಟಿಂದ ಬರೋ ರೋಗ ದೊಡ್ಡಪ್ಪ."

"ನೀನೇ ಹೇಳ್ದಲ್ಲವ್ವ ಸಮಾಧಿ ಅಂತ, ಓದ್ದೋಳು!"

ಮರುದಿನ ಬೆಳಿಗ್ಗೆ ತೋಟಕ್ಕೆ ಜೆಸಿಬಿ ಬಂತು. ಚಪ್ಪಡಿ ಕಿತ್ತು ಮೋರಿಗೆ ಹಾಸುವುದೆಂದು ತೀರ್ಮಾನವಾಗಿತ್ತು. ನಾನು ಕಾನೂನು ಹೇಳಿದೆ. "ಜಮೀನಿನ್ ಪಾಣಿ ನನ್ ಹೆಸ್ರಲ್ಲೈತೆ, ಸುಮ್ಕಿರು" ಎಂದರು. ಕಚೇರಿಗಳಿಗೆ ಫೋನು ಮಾಡೋಣವೆಂದರೆ ಭಾನುವಾರ. ಸಾವಿರಾರು ಮಳೆಗಾಲ ಕಂಡ ಕಲ್ಲು ನನ್ನ ನಾಲ್ಕು ವಾಕ್ಯಕ್ಕೆ ಬೀಳುವುದರಲ್ಲಿತ್ತು. ಜೆಸಿಬಿಯ ಕೈ ಮೇಲೆದ್ದಿತು.

"ನಿಲ್ಲಿಸಿ! ನಾನೇ ತಪ್ಪು ಹೇಳಿದೆ. ಇದು ಪಾಂಡವರ ಮನೇನೇ" ಎಂದು ಕೂಗಿದೆ.

ದೊಡ್ಡಪ್ಪ ಕಣ್ಣು ಕಿರಿದು ಮಾಡಿದರು. "ನೆನ್ನೆ ಮೂಳೆ ಅಂದೆ?"

"ಮೂಳೆ ಇಡೋವು ಬೇರೆ ಥರದವು ದೊಡ್ಡಪ್ಪ. ಕಂಡಿ ಪೂರ್ವಕ್ಕಿದ್ದರೆ ಮನೆ. ಇದು ಪೂರ್ವಕ್ಕೇ ಇದೆ ನೋಡಿ." ಅಷ್ಟು ಸಾಲದೆನಿಸಿ, "ಒಳಗೆ ಮೂಲೆಕಲ್ಲು ಕಪ್ಪಾಗಿದೆಯಲ್ಲ, ಅದು ದ್ರೌಪದಿಯ ಒಲೆ" ಎಂದೂ ಸೇರಿಸಿದೆ. ಕಪ್ಪಾಗಿದ್ದದ್ದು ಕುರಿಯವರು ಅವರೆಕಾಯಿ ಸುಟ್ಟ ಹೊಗೆಗೆ.

ದೊಡ್ಡಮ್ಮ ಅಲ್ಲೇ ಕೈಮುಗಿದರು. "ನಂಗೊತ್ತಿತ್ತು ಕಣವ್ವ. ಸಮಾಧಿಯಾಗಿದ್ರೆ ಕೋಳಿ ಅದ್ರೊಳ್ಗೆ ಮರಿ ಮಾಡ್ತಿತ್ತಾ?"

ಈ ವಾದಕ್ಕೆ ನಾನೂ ಜೋರಾಗಿ ತಲೆದೂಗಿದೆ. ಜೆಸಿಬಿ ಹೋಯಿತು. ಮುಂದಿನ ಬೆಳೆಯೂ ಪುಣ್ಯಕ್ಕೆ ಚೆನ್ನಾಗಿ ಬಂತು.

ಹೋದ ತಿಂಗಳು, ಎಂ.ಎ.ಯಲ್ಲಿ ನನಗೆ ಪಾಠ ಹೇಳಿದ ಮೇಡಂ ಆ ಕಲ್ಲಿನ ಕೋಣೆಯನ್ನು ನೋಡಲು ಬಂದರು. ಓಣಿಯ ಮುಂದೆ ಮಂಡಿಯೂರಿ ಟಾರ್ಚು ಬಿಟ್ಟು, "ಎಷ್ಟು ಚೆನ್ನಾಗಿ ಉಳಿದಿದೆ! ಯಾವ ಬಗೆಯ ಸಮಾಧಿ ಅಂತೀಯ?" ಎಂದು ನನ್ನನ್ನು ಕೇಳಿದರು.

ಉತ್ತರ ಕೊಟ್ಟವರು ದೊಡ್ಡಪ್ಪ. "ಸಮಾಧಿ ಅನ್ಬ್ಯಾಡಿ ಮೇಡಂ, ಪಾಂಡವ್ರ ಮನೆ. ಅಗೋ, ದ್ರೌಪದಮ್ಮನ ಒಲೆ. ನಾವು ಹೆಬ್ಬೆಟ್ಟು, ನಮ್ಗೇನ್ ಗೊತ್ತು? ಎಂ.ಎ. ಓದಿರೋ ಈ ನಮ್ ಹುಡ್ಗೀನೇ ಕಂಡ್ಹಿಡ್ದಿದ್ದು."

ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು. ದೊಡ್ಡಪ್ಪನೂ ನೋಡುತ್ತಿದ್ದರು; ಹುಳದ ಮನೆಯಲ್ಲಿ ಆಗ ಹುಳ ಹಣ್ಣಾಗಿ ಇನ್ನೇನು ಗೂಡು ಕಟ್ಟಲಿದ್ದ ಸಮಯ.

"ಹೌದು ಮೇಡಂ, ಒಲೆ" ಎಂದೆ.

ಮೇಡಂ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಒಲೆಯ ಬಗ್ಗೆ ಇರಲಾರದು. ನನ್ನ ಬಗ್ಗೆಯೇ ಇರಬೇಕು.