ತಾಂಬರಂ ಬೇಸಿಗೆ ಶಿಬಿರದ ಹತ್ತು ದಿನ

ಮಕ್ಕಳನ್ನು ಹತ್ತು ದಿನ ಮನೆಯಿಂದ ಆಚೆ ಒಟ್ಟಿಗೆ ಇಟ್ಟರೆ ನಗು ತರಿಸುವಂಥದ್ದು ದಿನಕ್ಕೊಂದಾದರೂ ಆಗುತ್ತದೆ. ನಗಬಾರದ ಹೊತ್ತಿನಲ್ಲೇ ಹೆಚ್ಚಾಗಿ ಆಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮದ್ರಾಸಿನ ಕೆಲವು ಕನ್ನಡದ ಮನೆಗಳವರು ಸೇರಿ ಊರ ಹೊರಗಿನ ತಾಂಬರಂನ ಒಂದು ಶಾಲೆಯಲ್ಲಿ ಬೇಸಿಗೆ ಶಿಬಿರ ನಡೆಸುತ್ತಿದ್ದೆವು. ಮಕ್ಕಳು ಅಲ್ಲೇ ಉಂಡು ಅಲ್ಲೇ ಮಲಗುವುದು. ನಾನು ವಿಮಾ ಕಚೇರಿಯಲ್ಲಿ ಟೈಪಿಸ್ಟ್. ವರ್ಷದ ರಜೆಯೆಲ್ಲ ಅದಕ್ಕೇ ಹೋಗುತ್ತಿತ್ತು. "ಮೇ ತಿಂಗಳ ಈ ಕತ್ತರಿ ಬಿಸಿಲಲ್ಲಿ ತಾಂಬರಂಗೆ ಯಾಕೆ ಸಾಯ್ತೀ? ಆ ಮಕ್ಕಳಿಗೆ ಅದರಿಂದ ಏನು ಸಿಗತ್ತೆ?" ಎಂದು ಆಫೀಸಿನಲ್ಲಿ ಕೇಳುತ್ತಿದ್ದರು. ಒಂದು ವರ್ಷ ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

೧. ಅರ್ಜಿ

ಶಿಬಿರದ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಧಾರವಾಡದ ಕಡೆಯವರು. ಮಕ್ಕಳಿಗೆಲ್ಲ ಗಾರ್ಡ್ ತಾತ. ಕೊರಳಲ್ಲಿ ಸದಾ ಸೀಟಿ. ಏಳಲು ಒಂದು ಸೀಟಿ, ಸ್ನಾನಕ್ಕೆ ಎರಡು, ಗದ್ದಲಕ್ಕೆ ಲೆಕ್ಕವಿಲ್ಲ.

ಮೊದಲ ದಿನ ಮಾಂಬಲಂನಿಂದ ಬ್ಯಾಂಕಿನವರೊಬ್ಬರು ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಅರ್ಜಿಯಲ್ಲಿ 'ಸ್ವಭಾವ' ಎಂಬಲ್ಲಿ 'ಮಾತು ಕಡಿಮೆ' ಎಂದು ಬರೆದಿದ್ದರು. ಗಾರ್ಡ್ ತಾತ ಓದಿ ಹಿಗ್ಗಿಹೋದರು.

"ಭಾಳ ಚಲೋ ಆತು ನೋಡ್ರಿ! ಇಂಥಾ ಹುಡುಗೂರು ಇನ್ನೊಂದು ಹತ್ತು ಮಂದಿ ಇದ್ರ ಕಳಸ್ರಿ. ನನ್ನ ಸೀಟಿ ಉಳೀತದ."

"ಕಡಿಮೆ ಅಲ್ಲ ಸಾರ್, ಇಲ್ಲವೇ ಇಲ್ಲ," ಎಂದರು ತಂದೆ, ಮೆಲ್ಲಗೆ. "ಇವಳ ತಾಯಿ ಹೋಗಿ ಎಂಟು ತಿಂಗಳಾಯ್ತು. ಅವತ್ತಿಂದ ಒಂದು ಮಾತೂ ಇಲ್ಲ. ಗಂಟಲಲ್ಲಿ ಏನೂ ದೋಷ ಇಲ್ಲ, ನಾಲ್ಕು ಮಕ್ಕಳ ಜೊತೆ ಬಿಟ್ಟು ನೋಡಿ ಅಂದ್ರು ಡಾಕ್ಟರು. ಅರ್ಜಿಯಲ್ಲಿ ಅದನ್ನ ಹೇಗೆ ಬರೆಯೋದು ಅಂತ ಗೊತ್ತಾಗಲಿಲ್ಲ."

ಗಾರ್ಡ್ ತಾತ ಅರ್ಜಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಹುಡುಗಿಯ ಟ್ರಂಕನ್ನು ತಾವೇ ಎತ್ತಿಕೊಂಡು ಹೋಗಿ ಒಳಗಿಟ್ಟರು. ಸಂಜೆಯವರೆಗೆ ಅವರ ಬಾಯಿಂದ ಒಂದು ಮಾತು ಬರಲಿಲ್ಲ, ಸೀಟಿಯೂ ಊದಲಿಲ್ಲ. ಶಿಬಿರದಲ್ಲಿ ಮಾತಾಡದವರು ಇಬ್ಬರಾದರು.

೨. ಕಾರ್ಡು

ಎರಡನೆಯ ದಿನ ಮಕ್ಕಳಿಂದ ಮನೆಗೆ ಕನ್ನಡದಲ್ಲಿ ಕಾರ್ಡು ಬರೆಸಿದೆವು. ತಿರುವಲ್ಲಿಕ್ಕೇಣಿಯ ಒಬ್ಬ ಹುಡುಗನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ತಮಿಳು ಅಕ್ಷರದಲ್ಲೇ ಕನ್ನಡ ಬರೆದು ಹಾಕಿದ. ಜಾಣ ಎಂದು ಬೆನ್ನು ತಟ್ಟಿದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ಒಬ್ಬ ಅಜ್ಜಿ ಎಲೆಕ್ಟ್ರಿಕ್ ಟ್ರೈನು ಹಿಡಿದು, ಸ್ಟೇಷನ್ನಿನಿಂದ ಉರಿಬಿಸಿಲಲ್ಲಿ ನಡೆದೇ ಬಂದರು. ಒಂಬತ್ತು ಗಜದ ಸೀರೆ, ಒಂದು ಕೈಯಲ್ಲಿ ಕುಂಕುಮದ ಪೊಟ್ಟಣ, ಇನ್ನೊಂದರಲ್ಲಿ ಚೀಲದ ತುಂಬ ನಿಂಬೆಹಣ್ಣು.

"ಎಲ್ಲಿ ನನ್ನ ಪೇರನ್? ಮೊಮ್ಮಗು ಎಲ್ಲಿ? ಯಾರ್ರೀ ಇಲ್ಲಿ ದಿನಾ ಸಾಯಂಕಾಲ ಕಾಳೀನ ಕರೆಸೋದು?"

ಗಾರ್ಡ್ ತಾತ ತಬ್ಬಿಬ್ಬಾದರು. ಅಜ್ಜಿ ಕಾರ್ಡು ತೆಗೆದು ಓದಿದರು: "ಇಲ್ಲಿ ದಿನಾ ಸಾಯಂಕಾಲ ಕಾಳಿ ಬರತ್ತೆ. ನಾವೆಲ್ಲ ಮರದ ಕೆಳಗೆ ಕಾಯ್ತಾ ಕೂತಿರ್ತೀವಿ. ಬಂದರೆ ಮೈಯೆಲ್ಲ ಜುಮ್ ಅನ್ನತ್ತೆ."

ಮೊಮ್ಮಗ ಓಡಿ ಬಂದು, "ಅದು ಕಾಳಿ ಅಲ್ಲ ಪಾಟಿ, ಗಾಳಿ!" ಎಂದು ಕೂಗಿದ. ನಲವತ್ತು ಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತಾಡದ ಹುಡುಗಿಯೂ ನಕ್ಕಳು. ಸದ್ದಿರಲಿಲ್ಲ, ಭುಜ ಕುಣಿಯುತ್ತಿತ್ತು, ಅಷ್ಟೆ. ನಾನು ನೋಡಿದೆ ಎಂದು ತಿಳಿದ ಕೂಡಲೇ ಬಾಯಿ ಮುಚ್ಚಿಕೊಂಡಳು.

ಅಜ್ಜಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮರದ ಕೆಳಗೆ ಕೂತರು. ನಾಲ್ಕೂವರೆಗೆ ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಅಜ್ಜಿ ಕಣ್ಣು ಮುಚ್ಚಿ, ಸೆರಗು ಸಡಿಲಿಸಿಕೊಂಡು ಹೇಳಿದರು: "ಬರಲಿ ಬಿಡಿ. ಇಂಥ ಕಾಳಿ ಆದ್ರೆ ನಾನೂ ಇರ್ತೀನಿ."

೩. ಉಪ್ಪು

ಹೇಳಿದಂತೆ ಇದ್ದೇಬಿಟ್ಟರು. ಅಡುಗೆಯವರಿಗೆ ಜ್ವರ ಬಂದಿತ್ತು. ಅಜ್ಜಿ ಎಲ್ಲರಿಗೂ ಪಾಟಿಯಾದರು, ಆರನೆಯ ದಿನದಿಂದ ಅಡುಗೆಮನೆ ಅವರದಾಯಿತು. ದೇವರಿಗೆ ಇಡುವ ಮೊದಲು ರುಚಿ ನೋಡುವವರಲ್ಲ. ನಲವತ್ತು ವರ್ಷದಿಂದ ಯಾರೂ ಅವರ ಅಡುಗೆಯಲ್ಲಿ ತಪ್ಪು ಹುಡುಕಿಲ್ಲವಂತೆ.

ಮೊದಲ ಬೆಳಿಗ್ಗೆ ಉಪ್ಪಿಟ್ಟು. ಬಾಯಿಗಿಟ್ಟೆ, ಉಪ್ಪಿಲ್ಲ. ಗಾರ್ಡ್ ತಾತನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಹಿರಿಯರು, ಪಾಪ, ಬಿಸಿಲಲ್ಲಿ ಬಂದು ದುಡಿಯುತ್ತಿದ್ದಾರೆ. ಇಬ್ಬರೂ ತಲೆ ತಗ್ಗಿಸಿ ತಿಂದೆವು. ಊಟಕ್ಕೆ ಕೂತಾಗ ಮಾತಾಡಬಾರದು ಎಂಬ ನಿಯಮ ಬೇರೆ.

"ಉಪ್ಪಿಲ್ಲ."

ಬಹಳ ದಿನ ಮುಚ್ಚಿದ್ದ ಬಾಗಿಲು ತೆಗೆದಂಥ ಸ್ವರ. ಗಾರ್ಡ್ ತಾತನ ಕೈ ಅಭ್ಯಾಸಬಲದಿಂದ ಸೀಟಿಗೆ ಹೋಯಿತು, ಅಲ್ಲೇ ನಿಂತಿತು.

"ಯಾರದು ಹೇಳಿದ್ದು?" ಪಾಟಿ ಸೌಟು ಹಿಡಿದು ಹೊರಗೆ ಬಂದರು.

ಹುಡುಗಿ ಎದ್ದು ನಿಂತಳು. "ನಾನು. ಉಪ್ಪಿಟ್ಟಿಗೆ ಉಪ್ಪೇ ಇಲ್ಲ."

ಪಾಟಿ ಸರ್ರನೆ ಒಳಗೆ ಹೋದರು. ಹಿಂದೆಯೇ ಓಡಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಬೇಜಾರು ಮಾಡ್ಕೋಬೇಡಿ ಪಾಟಿ," ಎಂದೆ.

"ಬೇಜಾರೇನೇ ಪೆದ್ದೇ? ಮಾತೇ ಆಡಲ್ಲ ಅಂದಿದ್ದೆಯಲ್ಲ, ಆ ಮಗು ಬಾಯಿ ಬಿಟ್ಟಿದೆ! ನಾಳೆನೂ ಉಪ್ಪು ಹಾಕೋದು ಬೇಡ."

ಮರುದಿನ ಪೊಂಗಲ್‌ಗೂ ಉಪ್ಪಿಲ್ಲ. "ಇವತ್ತೂ ಮರೆತ್ರಾ ಪಾಟಿ?" ಎಂದಳು ಹುಡುಗಿ. ಮೂರನೆಯ ದಿನ ಸಾಂಬಾರಿಗೂ ಇಲ್ಲ. ಉಳಿದ ಮಕ್ಕಳು ಗಾರ್ಡ್ ತಾತನಿಗೆ ಮುತ್ತಿಗೆ ಹಾಕಿದರು. "ಸುಮ್ಮನ ಉಣ್ರಿ. ಉಪ್ಪು ಕಡಿಮಿ ತಿಂದ್ರ ರಕ್ತದೊತ್ತಡ ಬರಂಗಿಲ್ಲ," ಎಂದರು. ಅವರ ಶ್ರೋತೃಗಳಲ್ಲಿ ದೊಡ್ಡವನಿಗೆ ಹದಿಮೂರು ವರ್ಷ.

ನಾಲ್ಕನೆಯ ದಿನ ಹುಡುಗಿ ತಾನೇ ಅಡುಗೆಮನೆಗೆ ಹೋಗಿ, "ಇಲ್ಲಿ ಕೊಡಿ, ನಾನು ಹಾಕ್ತೀನಿ. ಅಮ್ಮ ಸ್ಪೂನಲ್ಲಿ ಹಾಕ್ತಿರಲಿಲ್ಲ, ಕೈಯಲ್ಲೇ ಹಾಕ್ತಿದ್ದಳು," ಎಂದಳು. ಆಮೇಲೆ ಪಾಟಿಯ ಪಕ್ಕ ಕೂತು ಅಮ್ಮನ ಸಂಗತಿ ಒಂದೊಂದಾಗಿ ಹೇಳಿದಳು. ಪಾಟಿ ಹೂಂಗುಟ್ಟುತ್ತ ಕೇಳಿದರು. ಅವಳೂ ಉಪ್ಪು ಹಾಕಿದ್ದಳು, ಮೈಮರೆತ ಪಾಟಿಯೂ ಹಾಕಿದ್ದರು. ಆ ದಿನದ ಸಾಂಬಾರನ್ನು ಯಾರಿಂದಲೂ ಬಾಯಿಗಿಡಲು ಆಗಲಿಲ್ಲ.

೪. ತಂದೆ

ಹತ್ತನೆಯ ದಿನ ತಂದೆ ಬಂದರು. ಮಗಳು ಮಾತಾಡುವ ವಿಷಯ ನಾವು ತಿಳಿಸಿರಲಿಲ್ಲ. ಅವರ ಕಿವಿಗೆ ಅವಳ ಬಾಯಿಂದಲೇ ಬೀಳಲಿ ಎಂದು ಗಾರ್ಡ್ ತಾತ ಹೇಳಿದ್ದರು. ಅವಳು ಎದುರಿಗೆ ಬಂದು ನಿಂತು, "ಅಪ್ಪಾ, ಊಟ ಆಯ್ತಾ?" ಎಂದಳು.

ಅವರು ಜಗಲಿಯ ಮೇಲೆ ಕೂತರು. ಅವಳ ಕೈ ಹಿಡಿದುಕೊಂಡು, "ಇಷ್ಟು ದಿನ ಹೇಳಬೇಕು ಅಂದ್ಕೊಂಡಿದ್ದೆಲ್ಲ ಹೇಳು ಪುಟ್ಟಿ," ಎಂದರು.

ಅವಳು ಗಂಭೀರವಾಗಿ ಬೆರಳು ಮಡಿಸತೊಡಗಿದಳು. "ನೀನು ಹಾಕೋ ಜಡೆ ಒಂದು ಕಿವಿ ಮೇಲಿರತ್ತೆ, ಒಂದು ಕೆಳಗಿರತ್ತೆ. ನನ್ನ ಯೂನಿಫಾರ್ಮ್ ನಿನ್ನ ಷರ್ಟ್ ಜೊತೆ ಒಗೀಬೇಡ, ನೀಲಿಯಾಗತ್ತೆ." ಮೂರನೆಯ ಬೆರಳು ಹಿಡಿದು ಅಪ್ಪನ ಮುಖ ನೋಡಿದಳು.

"ಹೇಳು."

"ಬೆಳಿಗ್ಗೆ ನನಗೆ ಕೇಳಿಸಬಾರದು ಅಂತ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯಲ್ಲ. ನನಗೆ ಕೇಳಿಸತ್ತೆ."

ಗಾರ್ಡ್ ತಾತ ಬೇರೆ ಕಡೆ ತಿರುಗಿದರು. ಪಾಟಿ ಸೆರಗು ಬಾಯಿಗಿಟ್ಟರು.

ಹುಡುಗಿ ತಂದೆಯ ಪಕ್ಕ ಕೂತು ಸಮಾಧಾನ ಹೇಳುವ ಹಾಗೆ ಮುಂದುವರಿಸಿದಳು: "ಅಳಬೇಡ ಅನ್ನಲ್ಲ ಅಪ್ಪಾ. ಆದರೆ ನಮ್ಮ ಬೀದೀಲಿ ನೀರು ಬರೋದೇ ಒಂದು ಗಂಟೆ. ಮೊದಲು ಬಕೆಟ್ ತುಂಬಿಸ್ಕೊಳ್ಳೋಣ. ಆಮೇಲೆ ಇಬ್ರೂ ಕೂತ್ಕೊಂಡು ಅಳೋಣ."