ಉಡಿಯಲ್ಲಿ ಹಿಡಿಯುವ ಲ್ಯಾಪ್‌ಟಾಪ್

ಮನುಷ್ಯ ಒಂದು ವಸ್ತುವನ್ನು ಕೊಳ್ಳುವ ತನಕ ಗ್ರಾಹಕ, ಕೊಂಡ ಮರುಗಳಿಗೆಯಿಂದ ಅದರ ವಕೀಲ. ಅಂಗಡಿಯಲ್ಲಿ ನಿಂತು ಹತ್ತು ಹುಳುಕು ಹುಡುಕಿದವನೇ, ಮನೆಗೆ ತಂದ ಮೇಲೆ ಬೇರೆ ಯಾರಾದರೂ ಅದೇ ಹುಳುಕು ಎತ್ತಿ ಆಡಿದರೆ, ತನ್ನ ಕೂಸಿನ ಮೂಗು ಸೊಟ್ಟಗಿದೆ ಎಂದವರನ್ನು ನೋಡುವಂತೆ ನೋಡುತ್ತಾನೆ. ನಾನು ಮಿಕ್ಸರಿಗೆ, ಸ್ಕೂಟರಿಗೆ, ಒಮ್ಮೆ ಮೂರೇ ಕಾಲು ನೆಲಕ್ಕೆ ತಾಗುತ್ತಿದ್ದ ಒಂದು ಕಪಾಟಿಗೂ ವಕಾಲತ್ತು ವಹಿಸಿದವನು. ಹೆಚ್ಚಿನ ಖಟ್ಲೆಗಳಲ್ಲಿ ಸೋತಿದ್ದೇನೆ. ಗೆದ್ದದ್ದು ಒಂದೇ ಒಂದು, ಅದನ್ನು ನಾಲ್ಕು ಜನರಿಗೆ ಹೇಳದೆ ಸುಮ್ಮನಿರುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆ ವಸ್ತು ಒಂದು ಪುಟ್ಟ ಲ್ಯಾಪ್‌ಟಾಪ್. ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ, ಮನೆ ಮಹಾಂತೇಶ ನಗರದಲ್ಲಿ. ನನ್ನ ಹಳೆಯ ಲ್ಯಾಪ್‌ಟಾಪ್ ಹಳೆಯ ಕಾಲದ ಟ್ರಂಕಿನಷ್ಟು ಗಟ್ಟಿಯಾಗಿತ್ತು, ಹೆಚ್ಚುಕಡಿಮೆ ಅಷ್ಟೇ ಭಾರವೂ ಇತ್ತು. ದೇವರು ನನ್ನನ್ನು ಮಾಡುವಾಗ ಎತ್ತರದ ವಿಷಯದಲ್ಲಿ ಸ್ವಲ್ಪ ಕೈ ಬಿಗಿ ಹಿಡಿದಿದ್ದಾನೆ. ಆದ್ದರಿಂದ ಅದನ್ನು ಬೆನ್ನಿಗೆ ಹಾಕಿಕೊಂಡು ನಾನು ಮಹಡಿ ಹತ್ತುವಾಗ, ಹಿಂದೆ ಬರುವವರಿಗೆ ಬರೀ ಒಂದು ಚೀಲ ಮೆಟ್ಟಿಲು ಹತ್ತುತ್ತಿರುವಂತೆ ಕಾಣುತ್ತಿತ್ತಂತೆ. ಒಬ್ಬ ಸಹೋದ್ಯೋಗಿ ಒಂದು ದಿನ ಚೀಲಕ್ಕೇ ನಮಸ್ಕಾರ ಹೇಳಿದ ಮೇಲೆ ನಾನು ಹೊಸದನ್ನು ತರಲು ನಿರ್ಧರಿಸಿದೆ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣದನ್ನು ಆರಿಸಿದೆ. ಅದನ್ನು ಒಂದೇ ಕೈಯಲ್ಲಿ ಎತ್ತಿದಾಗ ಆದ ಸುಖವನ್ನು ಭಾರ ಹೊತ್ತವರೇ ಬಲ್ಲರು.

ಹೆಂಡತಿ ಸುಜಾತಾ ಪೆಟ್ಟಿಗೆ ಬಿಚ್ಚಿ ನೋಡಿ ಕೇಳಿದಳು, "ಇದು ನಮೂನಿ ಏನ್ರೀ? ದೊಡ್ಡದು ಹಿಂದಿಂದ ಬರ್ತೈತೇನು?"

ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಊನಗಳಿದ್ದವು, ಈಗಲೂ ಇವೆ. ಪರದೆ ಎಷ್ಟು ಸಣ್ಣದೆಂದರೆ ಭಾರತದ ನಕಾಶೆ ತೆರೆದರೆ ಗೋವಾ ರಾಜ್ಯವನ್ನು ಬೆರಳಿಟ್ಟು ಹುಡುಕಬೇಕು. ಕೀಲಿಗಳು ಒತ್ತೊತ್ತಾಗಿವೆ, ನನ್ನ ಬೆರಳು ಒಂದನ್ನು ಒತ್ತಿದರೆ ಪಕ್ಕದ್ದೂ ತಾನಾಗಿ ಹಾಜರಿ ಹೇಳುತ್ತದೆ. ಅದರ ಧ್ವನಿ ಜ್ವರ ಬಂದವರ ಧ್ವನಿಯಂತೆ ಕ್ಷೀಣ. ಎಲ್ಲಕ್ಕಿಂತ ದೊಡ್ಡ ಫಜೀತಿಯೆಂದರೆ ಅದಕ್ಕಿರುವುದು ಎರಡೇ ತೂತು, ಎರಡರಲ್ಲೂ ಪೆನ್‌ಡ್ರೈವ್ ಹೋಗುವುದಿಲ್ಲ. ಅದಕ್ಕೆಂದೇ ಬೇರೊಂದು ಬಾಲ ಕೊಳ್ಳಬೇಕಾಯಿತು. ಆ ಬಾಲ ಕಳೆದುಹೋಗಬಾರದೆಂದು ಚಷ್ಮಾದ ಡಬ್ಬಿಯಲ್ಲಿ ಇಡುತ್ತೇನೆ. ತರಗತಿಯಲ್ಲಿ ಹಾಜರಿ ಕರೆಯುವ ಮೊದಲು ಡಬ್ಬಿ ತೆರೆದು ಬಾಲವನ್ನೇ ಕಿವಿಯ ಹತ್ತಿರ ಒಯ್ದದ್ದೂ ಉಂಟು. ಇನ್ನು ಗುಣಗಳೆಂದರೆ, ಅದು ಭಾರವಿಲ್ಲ, ಬಿಸಿಯಾಗುವುದಿಲ್ಲ, ಒಳಗೆ ಫ್ಯಾನೇ ಇಲ್ಲದ್ದರಿಂದ ಗೊರ್ರ್ ಎನ್ನುವುದಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯ ತನಕ ಮತ್ತೇನೂ ಬೇಡುವುದಿಲ್ಲ. ಇಂಥ ಸ್ವಭಾವದ ಮನುಷ್ಯರು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ಇಲ್ಲ.

ಸುಜಾತಾ ಹೊಲಿಗೆಯಲ್ಲಿ ನಿಸ್ಸೀಮಳು. ಎಷ್ಟು ಮೂದಲಿಸಿದರೂ ಅದಕ್ಕೊಂದು ಹೊದಿಕೆ ಹೊಲಿದು ಕೊಟ್ಟಳು, ಕಪಾಟಿನಲ್ಲಿದ್ದ ಹಸಿರು ಖಣದ ಬಟ್ಟೆಯಲ್ಲಿ. ಕೆಂಪು ದಡಿ, ಮೇಲೊಂದು ಗುಂಡಿ. ಕಾಲೇಜಿಗೆ ಕುಪ್ಪಸದ ಖಣ ಹಿಡಿದುಕೊಂಡು ಹೋಗುವುದು ಹೇಗೆ ಎಂದು ನಾನು ಅಳುಕಿದಾಗ ಅವಳೆಂದಳು, "ಒಂದ ಕುಪ್ಪಸದ ಖಣದಾಗ ನಿಮ್ಮ ಮಷೀನ್ ಮುಚ್ಚಿ ಇನ್ನೂ ಅರಿವಿ ಉಳೀತು. ನಾ ಏನ್ ಮಾಡ್ಲಿ?"

ಅದರ ನಿಜವಾದ ಮಾನಹಾನಿ ಆದದ್ದು ಖಾನಾಪುರದಲ್ಲಿ, ನನ್ನ ಮಾವನ ಮನೆಯಲ್ಲಿ. ಅಲ್ಲಿ ಸುಜಾತಾಳ ತಮ್ಮ ಪ್ರಕಾಶ ಮದುವೆಗಳ ಫೋಟೋ, ವಿಡಿಯೋ ಮಾಡುತ್ತಾನೆ. ಅವನ ಲ್ಯಾಪ್‌ಟಾಪ್ ಒಂದು ಪೀಠದಷ್ಟಿದೆ. ಅದರ ಚಾರ್ಜರೇ ಒಂದು ಇಟ್ಟಂಗಿಯಷ್ಟು ದಪ್ಪ, ಚಾಲೂ ಮಾಡಿದರೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿ ಶುರುವಾದಂತೆ ಸದ್ದು ಮಾಡುತ್ತದೆ. ಅವನು ನನ್ನದನ್ನು ಅಂಗೈಮೇಲೆ ಇಟ್ಟುಕೊಂಡು ತೂಗಿ ನೋಡಿದ. "ದಾಜಿ," ಎಂದ. ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೆ ಕರೆಯುತ್ತಾರೆ. "ದಾಜಿ, ಇದರಾಗ ಲಗ್ನದ ಫೋಟೋ ನೋಡಿದ್ರ ಮದುಮಗ ಅಷ್ಟ ಕಾಣ್ತಾನ. ಮದುಮಗಳಿಗೆ ಇನ್ನೊಂದು ತಗೋಬೇಕಾಗ್ತದ."

ಅತ್ತೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟರು, "ಛಲೋ ಐತಿ. ಇನ್ನಷ್ಟು ಇರಬೇಕಾಗಿತ್ತು." ಕನ್ಯೆ ನೋಡಲು ನಾನು ಮೊದಲ ಸಲ ಆ ಮನೆಗೆ ಹೋದಾಗ, ನನ್ನನ್ನು ನೋಡಿ ಅವರು ಒಳಗೆ ಹೋಗಿ ಆಡಿದ ಮಾತೂ ಅಕ್ಷರಶಃ ಇದೇ. ಅದು ಎಲ್ಲರಿಗೂ ನೆನಪಿತ್ತು. ಯಾರೂ ನಗಲಿಲ್ಲ, ಒಬ್ಬೊಬ್ಬರಾಗಿ ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದ ಬಂದ ಸದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂದಿಟ್ಟುಕೊಳ್ಳಿ.

ಆಮೇಲೆ ನವರಾತ್ರಿ ಬಂತು. ಪ್ರತಿ ವರ್ಷದಂತೆ ನಾವಿಬ್ಬರೂ ಖಾನಾಪುರಕ್ಕೆ ಹೋದೆವು. ಪ್ರಕಾಶನ ಮಗಳು ಶ್ರಾವಣಿ ಕಪ್ಪೆಗಳ ಅಭ್ಯಾಸ ಮಾಡುವವಳು. ಮಳೆಗಾಲವೆಲ್ಲ ಕಣಕುಂಬಿಯ ಕಾಡಿನಲ್ಲಿ ಗಮ್‌ಬೂಟು ಹಾಕಿಕೊಂಡು ತಿರುಗಿ, ಕಪ್ಪೆಗಳ ಕೂಗನ್ನು ಮುದ್ರಿಸಿಕೊಂಡು ಬರುತ್ತಾಳೆ. ಪರದೇಶದ ಒಂದು ಸಂಸ್ಥೆಯವರು ನಮ್ಮ ಕಾಡಿನ ಕಪ್ಪೆಗಳ ಬಗ್ಗೆಯೇ ಸಂಶೋಧನೆ ನಡೆಸುವವರಿದ್ದರು. ಆ ಕೆಲಸಕ್ಕೆ ಅವಳ ಸಂದರ್ಶನ ಗೊತ್ತಾಗಿತ್ತು, ಅಪ್ಪನ ಲ್ಯಾಪ್‌ಟಾಪಿನ ಮುಂದೆ ಕೂತು ಮಾತಾಡುವುದೆಂದು ತಯಾರಿ ಮಾಡಿಕೊಂಡಿದ್ದಳು. ಅವಳ ಜೀವವೆಲ್ಲ ಆ ಕೆಲಸದ ಮೇಲೆಯೇ ಇತ್ತು. ಶ್ರಾವಣಿಗೆ ತಾರೀಖು ಗೊತ್ತಿತ್ತು, ಅವಳ ಆಯಿಗೆ, ಅಂದರೆ ನಮ್ಮ ಅತ್ತೆಗೆ, ತಿಥಿ ಗೊತ್ತಿತ್ತು. ಇವೆರಡೂ ಒಂದೇ ದಿನ ಎಂಬುದು ಮಾತ್ರ ಆ ಬೆಳಗಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಖಂಡೇ ಪೂಜೆ, ಅಂದರೆ ಆಯುಧ ಪೂಜೆ.

ಖಂಡೇ ಪೂಜೆಯ ದಿನ ಆ ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ರಜೆ. ಇಳಿಗೆಮಣೆಯೂ ಪೂಜೆಗೆ ಕೂರುವುದರಿಂದ ಅಂದಿನ ಕಾಯಿಪಲ್ಲೆಯನ್ನು ಹಿಂದಿನ ದಿನವೇ ಹೆಚ್ಚಿಡುತ್ತಾರೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಇಳಿಗೆ, ಅಡಕೊತ್ತು, ಪ್ರಕಾಶನ ಕ್ಯಾಮೆರಾಗಳು, ಇಟ್ಟಂಗಿ ಸಮೇತ ಅವನ ಲ್ಯಾಪ್‌ಟಾಪು, ಎಲ್ಲವನ್ನೂ ದೇವರ ಮುಂದೆ ಸಾಲಾಗಿ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಆರತಿಯನ್ನೂ ಮುಗಿಸಿದ್ದರು. ಮೊಬೈಲ್ ಒಂದಕ್ಕೆ ಮಾತ್ರ ಅಲ್ಲಿ ಜಾಗ ಸಿಕ್ಕಿರಲಿಲ್ಲ. "ಅದು ಹತ್ಯಾರ ಅಲ್ಲ, ಚಟ," ಎಂಬುದು ಅವರ ಅಭಿಪ್ರಾಯ. ಒಮ್ಮೆ ಪೂಜೆಗೆ ಕೂತ ವಸ್ತುವನ್ನು ದಸರೆಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ.

"ಆಯಿ, ಇವತ್ತು ನನ್ನ ಇಂಟರ್‌ವ್ಯೂ ಐತಿ," ಎಂದಳು ಶ್ರಾವಣಿ.

"ನಾಳಿಗಿ ಕೊಡು."

"ಅವರು ಪರದೇಶದವರು, ಆಯಿ."

"ಅವರಿಗೂ ನಾಳಿ ಅನ್ನೋದು ಇರತೈತಲ್ಲ?"

ಮೊಬೈಲಿನಲ್ಲಿ ಕೆಲಸ ಆಗುವಂತಿರಲಿಲ್ಲ. ಮಾತಾಡುತ್ತಲೇ ನಕಾಶೆ ತೋರಿಸಬೇಕು, ಕಪ್ಪೆಗಳ ಕೂಗು ಕೇಳಿಸಬೇಕು, ಅವೆಲ್ಲ ಪೆನ್‌ಡ್ರೈವಿನಲ್ಲಿದ್ದವು. ಓಣಿಯಲ್ಲಿ ಯಾರನ್ನಾದರೂ ಕೇಳೋಣವೆಂದರೆ ಎಲ್ಲರ ಮನೆಯ ಕಂಪ್ಯೂಟರಿನ ಹಣೆಯ ಮೇಲೂ ಕುಂಕುಮ. ಹುಡುಗಿಯ ಕಣ್ಣು ತುಂಬಿ ಬಂತು. ಆಗ ಮನೆಯವರ ದೃಷ್ಟಿ ಒಂದೊಂದಾಗಿ ನನ್ನ ಕಡೆ ಹೊರಳಿತು. ಪೂಜೆಯ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪ್ ಇರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ಗಳಿಗೆಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆನೋ. "ಸಣ್ಣದೈತಿ, ನಡೀತೈತೇನು?" ಎಂದು ಪ್ರಕಾಶನನ್ನೇ ನೋಡಿ ಕೇಳಿದೆ, ಅವನು ನೆಲ ನೋಡಿದ. ಕೋರ್ಟಿನಲ್ಲಿ ಕೊನೆಯ ಸಾಕ್ಷಿಯನ್ನು ಕರೆತರುವವನ ಠೀವಿಯಲ್ಲಿ ನಡೆದುಹೋಗಿ ನನ್ನ ಚೀಲ ತೆರೆದೆ. ಒಳಗೆ ಒಂದು ಟವೆಲ್ ಮತ್ತು ಚಷ್ಮಾದ ಡಬ್ಬಿ ಬಿಟ್ಟು ಏನೂ ಇರಲಿಲ್ಲ.

ಹಾಸಿಗೆ ಕೊಡವಿದೆವು, ಕಪಾಟು ತಡಕಿದೆವು. "ನಿನ್ನಿ ಸಂಜಿಕ ಈ ಮಂಚದ ಮ್ಯಾಲೇ ಇತ್ತಲ್ರೀ, ಖಣದ ಚೀಲದಾಗ," ಎಂದಳು ಸುಜಾತಾ.

"ಯಾವ ಖಣ?" ಎಂದು ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು.

ಹಿಂದಿನ ಸಂಜೆ ಅತ್ತೆ ಓಣಿಯ ಮುತ್ತೈದೆಯರನ್ನು ಕರೆದು ಉಡಿ ತುಂಬಿದ್ದರು. ಸೆರಗಿನ ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಮೇಲೊಂದು ಖಣ. ಖಣಗಳ ಗಂಟನ್ನು ಅದೇ ಮಂಚದ ಮೇಲೆ ಇಟ್ಟುಕೊಂಡಿದ್ದರು. ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಸ್ವಲ್ಪವೂ ವಿಚಲಿತರಾಗದೆ ಹೇಳಿದರು, "ಒಂದು ಖಣ ಕೈಗೆ ಜಡ ಹತ್ತಿತು. ಒಳಗ ಸೀರಿನೂ ಇಟ್ಟು ಹೊಲದಾರ, ಸುಜಾತಾ ಬೆಳಗಾವಿಂದ ಭಾರೀದು ತಂದಾಳ ಅಂತ ತಿಳಕೊಂಡೆ. ಅದಕ್ಕ ಪಾರ್ವತಿಗೆ ಕೊಟ್ಟೆ."

ಪಾರ್ವತಿ ಕಾಕು ಎಂದರೆ ಪಕ್ಕದ ಮನೆಯ ಮರಾಠಿ ಮಾತಾಡುವ ಹಿರಿಯರು, ಅತ್ತೆಯ ಜೀವದ ಗೆಳತಿ. ನಾವೆಲ್ಲ ಮೆರವಣಿಗೆಯಂತೆ ಅವರ ಮನೆಗೆ ನುಗ್ಗಿದೆವು. ನನ್ನ ಲ್ಯಾಪ್‌ಟಾಪ್ ಅವರ ದೇವರ ಮುಂದೆ, ತೆಂಗಿನಕಾಯಿಯ ಬಾಜುಕ್ಕೆ, ನಿಶ್ಚಿಂತೆಯಿಂದ ಮಲಗಿತ್ತು. ದಸರೆಯ ದಿನವೇ ಬಿಚ್ಚಬೇಕೆಂದು ಕಾಕು ಗುಂಡಿಯನ್ನೂ ತೆಗೆದಿರಲಿಲ್ಲ. ವಿಷಯ ಕೇಳಿ, "ಅಗಬಾಯಿ, ನಾ ಪೈಠಣಿ ಸೀರಿ ಅಂದ್ಕೊಂಡು ನಿನ್ನಿ ಸಂಜಿಂದ ಎಲ್ಲಾರಿಗೂ ಹೇಳಾಕತ್ತೇನಲ್ರೀ," ಎಂದು ಗಲ್ಲಕ್ಕೆ ಕೈ ಹಚ್ಚಿದರು.

ನಾನು ಕೈ ಚಾಚಿದೆ. ಅತ್ತೆ ತಡೆದರು. "ಅಳಿಯಂದ್ರ, ಉಡಿಯಾಗ ಬಿದ್ದದ್ದನ್ನ ತಿರುಗಿ ಕೇಳಬಾರದು. ಎರಡೂ ಮನಿಗೆ ಛಲೋ ಅಲ್ಲ."

ಸಂದರ್ಶನಕ್ಕೆ ಕಾಲು ತಾಸು ಉಳಿದಿತ್ತು. ಶ್ರಾವಣಿ ಗೋಡೆಗೆ ಒರಗಿ ನಿಂತು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು, ಆಗ ನನಗೆ ಖಟ್ಲೆಯೂ ನೆನಪಿರಲಿಲ್ಲ, ವಕೀಲಿಯೂ ನೆನಪಿರಲಿಲ್ಲ. ದಾರಿ ಹುಡುಕಿದವರು ಪಾರ್ವತಿ ಕಾಕುವೇ. "ವಾಪಸ್ ಕೊಡೂ ಹಂಗಿಲ್ಲ, ಖರೇ. ಆದ್ರ ನಾನೂ ಉಡಿ ತುಂಬಬಹುದಲ್ಲ? ಸುಜಾತಾ, ಬಾ, ಮಣಿ ಮ್ಯಾಲೆ ಕುಂದರು."

ಸುಜಾತಾ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಕಾಕು ಕುಂಕುಮ ಹಚ್ಚಿ, ಹೂ ಮುಡಿಸಿ, ಅಕ್ಕಿ ಹಾಕಿ, ಕಾಯಿ ಇಟ್ಟು, ಕೊನೆಗೆ ನನ್ನ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎತ್ತಿ ಅವಳ ಉಡಿಯಲ್ಲಿಟ್ಟರು. ಅದು ಕಾಯಿಯ ಪಕ್ಕದಲ್ಲಿ ಚೊಕ್ಕವಾಗಿ ಕೂತಿತು. ಪ್ರಕಾಶನ ಯಂತ್ರವನ್ನು ಇಟ್ಟಂಗಿ ಸಮೇತ ಯಾರಾದರೂ ಉಡಿಯಲ್ಲಿ ಹಾಕಿದ್ದರೆ ಸೀರೆ ಹರಿದು, ಮಣೆ ಮುರಿದು, ಹಬ್ಬದ ದಿನ ವೈದ್ಯರನ್ನು ಹುಡುಕಬೇಕಾಗುತ್ತಿತ್ತು. ಲ್ಯಾಪ್‌ಟಾಪಿನ ಗುಣದೋಷಗಳನ್ನು ಬರೆಯುವವರು ಪರದೆ, ಬ್ಯಾಟರಿ, ವೇಗ ಎಂದೆಲ್ಲ ಬರೆಯುತ್ತಾರೆ, ಉಡಿಯಲ್ಲಿ ಹಿಡಿಯುತ್ತದೆಯೇ ಎಂಬ ಮುಖ್ಯ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಮನೆಗೆ ಬಂದು, ಮುಚ್ಚಳದ ಮೇಲಿನ ಅಕ್ಕಿಕಾಳು ಕೊಡವಿ, ನಡುಮನೆಯಲ್ಲಿ ಶ್ರಾವಣಿಯ ಮುಂದಿಟ್ಟೆವು. ಚಷ್ಮಾದ ಡಬ್ಬಿಯಿಂದ ಬಾಲ ತೆಗೆದು ಕೊಟ್ಟೆ, ಪೆನ್‌ಡ್ರೈವ್ ಕೂತಿತು. ಇಂಟರ್‌ನೆಟ್ ಬಂದದ್ದು ಅತ್ತೆ ಚಟ ಎಂದಿದ್ದ ಮೊಬೈಲಿನಿಂದ. ನಾವೆಲ್ಲ ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆವು. ಅರ್ಧಕ್ಕೆ ಕರೆಂಟ್ ಹೋಯಿತು. ಪ್ರಕಾಶ ರೂಢಿಯಂತೆ "ಹೋತು" ಎಂದು ತಲೆಗೆ ಕೈ ಹಚ್ಚಿದ, ಗೋಡೆಯ ಕರೆಂಟಿಲ್ಲದೆ ನಡೆಯದ ಅವನ ಯಂತ್ರವಾಗಿದ್ದರೆ ಅಲ್ಲಿಗೇ ಹೋಗುತ್ತಿತ್ತು. ನನ್ನದು ಕಣ್ಣು ಸಹ ಮಿಟುಕಿಸಲಿಲ್ಲ. ಒಳಗಿನಿಂದ ಶ್ರಾವಣಿಯ ಮಾತು ತಡೆಯಿಲ್ಲದೆ ಕೇಳುತ್ತಲೇ ಇತ್ತು. ಆಮೇಲೆ ಆ ನಿಶ್ಶಬ್ದದಲ್ಲಿ, ಫ್ಯಾನಿನ ಗೊರಗೊರವಿಲ್ಲದೆ, ಕಣಕುಂಬಿಯ ಕಪ್ಪೆಯೊಂದು ಟಿಕ್ ಟಿಕ್ ಎಂದು ಕೂಗಿತು. ಲ್ಯಾಪ್‌ಟಾಪಿನ ಧ್ವನಿ ಕ್ಷೀಣ ಎಂದೆನಲ್ಲ, ಆ ಕಪ್ಪೆಯದೂ ಅಷ್ಟೇ ಕ್ಷೀಣವಂತೆ, ಇಬ್ಬರಿಗೂ ಸರಿಹೋಯಿತು. "ಕಪ್ಪಿ ನಡುಮನ್ಯಾಗ ಒದರಾಕತ್ತೈತಲ್ಲ," ಎಂದು ಅತ್ತೆ ಪಿಸುಗುಟ್ಟಿದರು, ಮೊದಲ ಸಲ ಅವರ ದನಿಯಲ್ಲಿ ಗೌರವವಿತ್ತು.

ಶ್ರಾವಣಿ ಹೊರಗೆ ಬಂದಾಗ ಅವಳ ಮುಖವೇ ಎಲ್ಲ ಹೇಳುತ್ತಿತ್ತು. "ಮಾಮಾ, ಆ ದೊಡ್ಡ ಸ್ಕ್ರೀನಿನಾಗ ಸಾಹೇಬರನ್ನ ನೋಡಿದ್ರ ಅಂಜತಿದ್ದೆ. ಇದರಾಗ ಎಲ್ಲಾರೂ ಪೋಸ್ಟಿನ ತಿಕೀಟಿನಷ್ಟ ಕಂಡ್ರು. ಅಂಜಿಕಿನ ಬರಲಿಲ್ಲ." ಕೆಲವೇ ದಿನಗಳಲ್ಲಿ ಅವಳಿಗೆ ಆ ಕೆಲಸ ಸಿಕ್ಕ ಸುದ್ದಿಯೂ ಬಂತು. ಆದರೆ ನನ್ನ ಮಟ್ಟಿಗೆ ತೀರ್ಪು ಅವತ್ತೇ ಹೊರಬಿದ್ದಿತ್ತು. ಊಟಕ್ಕೆ ಕೂತಾಗ ಪ್ರಕಾಶ ಹೋಳಿಗೆ ಮುರಿಯುತ್ತ, "ದಾಜಿ, ಆ ಮಷೀನ್ ಯಾವ ಅಂಗಡ್ಯಾಗ ತಗೊಂಡ್ರಿ?" ಎಂದು ಕೇಳಿದ. ನನಗೆ ಕೇಳಿಸಿತ್ತು. ಆದರೂ "ಹಾಂ?" ಎಂದು, ಅವನಿಂದ ಅದನ್ನೇ ಮತ್ತೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿಸಿದೆ. ಅಂದಿನ ಹೋಳಿಗೆಯ ರುಚಿ ಈಗಲೂ ನಾಲಿಗೆಯ ಮೇಲಿದೆ.

ದಸರೆ ಮುಗಿಸಿ ಹೊರಡುವಾಗ ನಾನು ಲ್ಯಾಪ್‌ಟಾಪನ್ನು ನನ್ನ ಚೀಲಕ್ಕೆ ಸೇರಿಸಲು ಹೋದೆ. ಅತ್ತೆ ಮತ್ತೆ ತಡೆದರು. "ಅಳಿಯಂದ್ರ, ಅದೀಗ ಸುಜಾತಾಂದು. ಪಾರ್ವತಿ ಆಕಿ ಉಡಿಯಾಗ ಹಾಕ್ಯಾಳ." ನಾನು ಮೇಲ್ಮನವಿಯ ಆಸೆಯಿಂದ ಹೆಂಡತಿಯ ಮುಖ ನೋಡಿದೆ. ಅವಳು ಖಣದ ಚೀಲದ ಗುಂಡಿ ಹಾಕಿ ಬಗಲಲ್ಲಿಟ್ಟುಕೊಂಡು, "ಸಣ್ಣದೈತಿ ಖರೇ. ನನಗ ಸಾಕು," ಎಂದಳು. ಈಗ ಅವಳು ಅದರಲ್ಲಿ ಕಸೂತಿಯ ನಮೂನೆಗಳನ್ನು ನೋಡಿಕೊಂಡು ಓಣಿಯವರ ಲ್ಯಾಪ್‌ಟಾಪುಗಳಿಗೆಲ್ಲ ಖಣದ ಚೀಲ ಹೊಲಿಯುತ್ತಾಳೆ, ನಾನು ಹಳೆಯ ಟ್ರಂಕನ್ನು ಬೆನ್ನಿಗೆ ಹಾಕಿಕೊಂಡು ಮಹಡಿ ಹತ್ತುತ್ತೇನೆ. ಖಟ್ಲೆ ಗೆದ್ದೆ, ಕಕ್ಷಿದಾರ ಮಾತ್ರ ಎದುರು ಪಕ್ಷಕ್ಕೆ ಹೋಗಿ ಸೇರಿಕೊಂಡ.

ಆದರೂ ಈ ಪ್ರಬಂಧವನ್ನು ಅದರಲ್ಲೇ ಬರೆಯಬೇಕೆಂಬ ಹಟದಿಂದ, ಇವತ್ತು ಮಧ್ಯಾಹ್ನ ಕೇಳಿ ಪಡೆದು ಕೂತಿದ್ದೇನೆ. ಈಗಷ್ಟೇ ಸುಜಾತಾ ಬೆನ್ನ ಹಿಂದೆ ನಿಂತು, ಪರದೆಗೆ ಮುಖ ತಾಗಿಸಿ ಇಷ್ಟನ್ನೂ ಓದಿದಳು. "ಛಲೋ ಐತಿ. ಇನ್ನಷ್ಟು ಇರಬೇಕಾಗಿತ್ತು," ಎಂದು ಹೇಳಿ, ನಾನು ಬೆರಳು ತೆಗೆಯುವುದನ್ನೇ ಕಾಯುತ್ತ, ಮುಚ್ಚಳ ಮುಚ್ಚಲು ಕೈ ಇಟ್ಟಿದ್ದಾಳೆ.